ಡಮರು ಕಟ್ಟದ ಬೋಟೂ ಕಣ್ಣು ಬಿಡದ ಹಡಗೂ

ಹೋದ ತಿಂಗಳ ಸಂಘದ ಸಭೆಯಲ್ಲಿ ನಾನು ಮೀನು ಹಿಡಿಯುವ ಬೋಟುಗಳ ಹಗಲು ಗುರುತಿನ ಮಾತೆತ್ತಿದೆ. ಒಬ್ಬ ಹಿರಿಯ ಮಹನೀಯರು ಎದ್ದು ನಿಂತು, "ಅಲ್ಲಪ್ಪಾ, ನಾವು ಹೋಟೆಲಿನವರು, ಗಿರಣಿಯವರು. ದೋಣಿಯ ಕಂಬಕ್ಕೆ ಏನು ತೂಗಹಾಕಿದರೆ ನಮಗೇನು? ಗ್ರಾಚ್ಯುಯಿಟಿಯ ಮಾತಾಡು" ಎಂದರು. ನಾಲ್ಕು ಜನ ನಕ್ಕರು. ಆ ನಾಲ್ವರಲ್ಲಿ ಮೂವರ ಅಣ್ಣತಮ್ಮಂದಿರು ಮಲ್ಪೆ, ಗಂಗೊಳ್ಳಿ, ಭಟ್ಕಳದ ಬೋಟುಗಳಲ್ಲಿ ದುಡಿಯುತ್ತಾರೆಂಬುದು ನನಗೆ ಗೊತ್ತು. ಸಭೆಯಲ್ಲಿ ಹೊತ್ತಾಗಿತ್ತು, ಜಗಳ ಬೆಳೆಸಲಿಲ್ಲ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುರುತು ಏನೆಂದು ಹೇಳುತ್ತೇನೆ. ನಾನು ಏಳನೆಯ ಇಯತ್ತೆ ಮುಗಿಸಿ ಗಾಡಿ ಹತ್ತಿದವನು. ಸಮುದ್ರದ ಕಾನೂನು ಓದಿದ ಪಂಡಿತನಲ್ಲ. ನನಗೆ ಇದನ್ನು ತಿಳಿಸಿದವರು ನಾನು ಮಾಣಿಯಾಗಿದ್ದ ಹೋಟೆಲಿಗೆ ದಿನವೂ ಚಹಕ್ಕೆ ಬರುತ್ತಿದ್ದ, ಹಡಗಿನ ಕೆಲಸದಿಂದ ನಿವೃತ್ತರಾದ ಒಬ್ಬ ನಾವಿಕರು. ಒಂದು ದಿನ ಅವರು ಎರಡು ಖಾಲಿ ಕಟಿಂಗ್ ಗ್ಲಾಸು ತೆಗೆದುಕೊಂಡು, ಒಂದನ್ನು ಬೋರಲು ಹಾಕಿ, ಅದರ ಬುಡದ ಮೇಲೆ ಇನ್ನೊಂದರ ಬುಡ ಇಟ್ಟರು. ಮೇಲೆ ಅಗಲ, ನಡುವೆ ಸಣ್ಣ, ಕೆಳಗೆ ಮತ್ತೆ ಅಗಲ. "ಏನು ಕಾಣುತ್ತದೆ?" ಎಂದರು. "ಶಿವನ ಡಮರು" ಎಂದೆ. "ಹಾಗಾದರೆ ನೀನು ಹಡಗು ನಡೆಸಬಹುದು" ಎಂದು ನಕ್ಕರು.

ಅದೇ ಗುರುತು. ಎರಡು ಕಪ್ಪು ಶಂಕುಗಳು, ಒಂದರ ಮೇಲೊಂದು, ತುದಿಗೆ ತುದಿ ಕೂಡಿಸಿದ್ದು. ಬಲೆ ಬಿಟ್ಟಿರುವ ಬೋಟು ಹಗಲಿನಲ್ಲಿ ಇದನ್ನು ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ಏರಿಸಬೇಕು. ಶಂಕುವಿನ ಅಗಲ 0.6 ಮೀಟರಿಗೆ, ಅಂದರೆ ಸುಮಾರು 2 ಅಡಿಗೆ ಕಡಿಮೆಯಿರಕೂಡದು, ಎತ್ತರವೂ ಅಷ್ಟೇ. 20 ಮೀಟರಿಗಿಂತ ಸಣ್ಣ ಬೋಟಾದರೆ ಅದರ ಗಾತ್ರಕ್ಕೆ ಒಪ್ಪುವಂತೆ ಸಣ್ಣದಿದ್ದರೂ ಆದೀತು. ಟ್ರಾಲ್ ಬಲೆಯಲ್ಲದೆ ಬೇರೆ ಬಲೆ ಹಾಕಿದ್ದು, ಅದು ಬೋಟಿನಿಂದ 150 ಮೀಟರಿಗಿಂತ ಆಚೆ ಹರಡಿದ್ದರೆ, ಬಲೆ ಇರುವ ಕಡೆಗೆ ಇನ್ನೊಂದು ಶಂಕುವನ್ನು ತುದಿ ಮೇಲೆ ಮಾಡಿ ಕಟ್ಟಬೇಕು. "ಈ ಕಡೆ ನುಗ್ಗಬೇಡ" ಎಂದು ಅರ್ಥ. ಲಂಗರು ಹಾಕಿ ಸುಮ್ಮನೆ ನಿಂತವನಿಗೆ ಒಂದು ಕಪ್ಪು ಚೆಂಡು. ಲಂಗರಿನಲ್ಲಿದ್ದೇ ಮೀನು ಹಿಡಿಯುವವನಿಗೆ ಚೆಂಡಲ್ಲ, ಡಮರುವೇ.

ಕಪ್ಪು ಏಕೆ, ಈ ಆಕಾರವೇ ಏಕೆ ಎಂದು ನಾನೂ ಕೇಳಿದ್ದೆ. ಸಮುದ್ರದ ಬೆಳಕಿನಲ್ಲಿ ದೂರದ ಬಣ್ಣ ಸತ್ತುಹೋಗುತ್ತದಂತೆ. ಕೆಂಪು ಬಾವುಟವೂ ನೀಲಿ ಬಾವುಟವೂ ಒಂದೇ ಬೂದಿ. ಆಕಾಶಕ್ಕೆದುರಾಗಿ ಕಪ್ಪು ನೆರಳೊಂದೇ ಉಳಿಯುವುದು. ಚಪ್ಪಟೆ ಹಲಗೆ ಪಕ್ಕದಿಂದ ಗೆರೆಯಂತೆ ಕಾಣುತ್ತದೆ. ಚೆಂಡು ಯಾವ ಕಡೆಯಿಂದಲೂ ಚೆಂಡೇ, ಡಮರು ಯಾವ ಕಡೆಯಿಂದಲೂ ಡಮರುವೇ. ಭಾಷೆ ಬೇಡ, ಓದು ಬೇಡ. ನೆಯ್ದು ಇಟ್ಟ ಮಾತು ಎಂದರೆ ಇದು.

ಈ ಮಾತು ಏನು ಹೇಳುತ್ತದೆ? ಇಲ್ಲಿ ನನ್ನ ಹಿರಿಯ ಮಹನೀಯರು ಸ್ವಲ್ಪ ಕಿವಿಗೊಡಬೇಕು. ಬೆಳಗ್ಗಿನ ಹತ್ತು ಗಂಟೆಯ ಗದ್ದಲದಲ್ಲಿ ಭಟ್ಟಿಯಿಂದ ಕುದಿಯುವ ಸಾಂಬಾರಿನ ಕೊಳಗ ಎತ್ತಿಕೊಂಡು ಹುಡುಗನೊಬ್ಬ "ಬಿಸಿ, ಬಿಸಿ, ದಾರಿ ಬಿಡಿ!" ಎಂದು ಕೂಗುತ್ತ ಬರುತ್ತಾನೆ. ಆಗ ಯಾರು ಸರಿಯುತ್ತಾರೆ? ಎಲ್ಲರೂ. ಸೂಟು ತೊಟ್ಟ ಗಿರಾಕಿ ಸರಿಯುತ್ತಾನೆ, ಮ್ಯಾನೇಜರ ಸರಿಯುತ್ತಾನೆ, ಗಲ್ಲಾದಿಂದ ಎದ್ದ ಧಣಿಯೂ ಗೋಡೆಗೆ ಅಂಟಿಕೊಳ್ಳುತ್ತಾನೆ. ಇಡೀ ದಿನದಲ್ಲಿ ಧಣಿ ನಮಗೆ ದಾರಿ ಬಿಡುವುದು ಆ ಒಂದು ಗಳಿಗೆಯಲ್ಲಿ. ನಾವು ದೊಡ್ಡವರೆಂದಲ್ಲ. ನಮ್ಮ ಎರಡೂ ಕೈಯಲ್ಲಿ ಕೆಲಸವಿದೆ, ನಾವು ಸರಿಯಲಾರೆವು ಎಂದು.

ಡಮರು ಹೇಳುವುದೂ ಅದನ್ನೇ. ಬಲೆಯನ್ನು ಸಮುದ್ರದ ತಳದಲ್ಲಿ ಎಳೆಯುತ್ತ ಮೂರು ನಾಟಿನಲ್ಲಿ ತೆವಳುವ ಬೋಟು ತಟ್ಟನೆ ತಿರುಗಲಾರದು. ತಿರುಗಿದರೆ ಎರಡು ರೋಪು ಹೆಣೆದುಕೊಂಡು ಬಲೆ ಮಡಚುತ್ತದೆ, ಇಲ್ಲವೆ ಬೋಟೇ ಮಗುಚುತ್ತದೆ. ಆದುದರಿಂದ 1972ರಲ್ಲಿ ಮಾಡಿ 1977ರ ಜುಲೈ 15ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ: ಯಂತ್ರದಿಂದ ನಡೆಯುವ ಹಡಗು ಮೀನುಗಾರಿಕೆಯಲ್ಲಿ ತೊಡಗಿದ ಬೋಟಿಗೆ ದಾರಿ ಬಿಟ್ಟು ದೂರ ಸರಿಯಬೇಕು. ಹಾಯಿ ಹಡಗೂ ಸರಿಯಬೇಕು. ನಮ್ಮ ಸರ್ಕಾರವೂ 1975ರಲ್ಲಿಯೇ ಇದಕ್ಕೊಪ್ಪುವ ನಿಯಮಾವಳಿ ಮಾಡಿತು. ಸಾವಿರಾರು ಪೆಟ್ಟಿಗೆ ಹೊತ್ತ, ನಾಲ್ಕು ಫುಟ್‌ಬಾಲ್ ಮೈದಾನದಷ್ಟು ಉದ್ದದ ಹಡಗು, ಹತ್ತು ಜನ ದುಡಿಯುವ ಮರದ ಬೋಟಿಗೆ ದಾರಿ ಬಿಡಬೇಕು! ನೆಲದ ಮೇಲೆ ಇಂಥ ಕಾನೂನನ್ನು ನಾನಂತೂ ಕಂಡಿಲ್ಲ. ಹೆದ್ದಾರಿಯಲ್ಲಿ ಕೈಗಾಡಿಗೆ ಲಾರಿ ಸರಿಯುತ್ತದೆಯೆ? ಹೀಗಿರುವಾಗ ಇದು ದುಡಿಮೆಗಾರನ ಕಾನೂನಲ್ಲವೆಂದು, ನಮ್ಮ ಪತ್ರಿಕೆಗೆ ಸಲ್ಲದೆಂದು ಹೇಗೆ ಹೇಳುತ್ತೀರಿ?

ಈಗ ಮನೆಯ ಸುದ್ದಿ. ನನ್ನ ಅಣ್ಣ ಹದಿನೇಳು ವರ್ಷದಿಂದ ಬೋಟಿನಲ್ಲಿ ಕಲಾಸಿ. ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವಾಗ, ಅವರ ಬೋಟು ಬಲೆ ಎಳೆಯುತ್ತಿತ್ತು. ದಕ್ಷಿಣದಿಂದ ಒಂದು ದೊಡ್ಡ ಸರಕು ಹಡಗು ನೇರ ಬರುತ್ತಿರುವುದು ಕಾಣಿಸಿತು. ಮಂಜಿಲ್ಲ, ಮಳೆಯಿಲ್ಲ. ಸರಿಯುತ್ತದೆ, ಈಗ ಸರಿಯುತ್ತದೆ ಎಂದು ಕಾದರು. ಟವೆಲು ಬೀಸಿದರು, ಹಾರ್ನ್ ಹೊಡೆದರು. ಲೆಕ್ಕ ಕೇಳಿರಿ: 18 ನಾಟಿನಲ್ಲಿ ಬರುವ ಹಡಗು ಒಂದು ನಾಟಿಕಲ್ ಮೈಲಿಯನ್ನು, ಅಂದರೆ 1,852 ಮೀಟರನ್ನು, 3 ನಿಮಿಷ 20 ಸೆಕೆಂಡಿನಲ್ಲಿ ಕಳೆಯುತ್ತದೆ. ಒಂದು ಬೀಡಿ ಸೇದಿ ಮುಗಿಯುವುದಿಲ್ಲ. ಕೊನೆಗೆ ತಾಂಡೇಲ ರೋಪು ಕಡಿಸಿದ. ಬೋಟು ಪಾರಾಯಿತು, ಹಡಗಿನ ಅಲೆ ಡೆಕ್ಕಿನ ಮೇಲೆ ಹಾದುಹೋಯಿತು. ಬಲೆ, ಹಲಗೆ, ರೋಪು ಎಲ್ಲ ತಳಕ್ಕೆ.

ದಡಕ್ಕೆ ಬಂದರು. ಹಡಗಿನ ಹೆಸರನ್ನು ಯಾರೂ ಓದಿರಲಿಲ್ಲ. ಜೀವ ಹಿಡಿದುಕೊಂಡವನಿಗೆ ಹೆಸರು ಓದುವ ಪುರುಸೊತ್ತೆಲ್ಲಿ? ದೂರು ಕೊಡಲು ಹೋದ ಕಚೇರಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಹಗಲು ಗುರುತು ಏರಿಸಿದ್ದಿರಾ?" ಎಂದು. ಇವರು ಮುಖ ಮುಖ ನೋಡಿಕೊಂಡರು. ಆ ಬೋಟಿನಲ್ಲಿ ಆ ವಸ್ತುವೇ ಇರಲಿಲ್ಲ. ಹದಿನೇಳು ವರ್ಷ ದುಡಿದ ನನ್ನ ಅಣ್ಣ ಅದನ್ನು ಕಂಡಿದ್ದು ಬೇರೆಯವರ ಬೋಟಿನಲ್ಲಿ. ಏತಕ್ಕೆಂದು ಗೊತ್ತಿರಲಿಲ್ಲ, ದೃಷ್ಟಿಗೆ ಕಟ್ಟಿದ್ದಾರೆಂದು ತಿಳಿದಿದ್ದನಂತೆ! ಕಾಗದ ಅಲ್ಲಿಗೇ ಮುಗಿಯಿತು. ಆಮೇಲೆ ಧಣಿ ಬಲೆಯ ನಷ್ಟವನ್ನು ಮೂರು ಟ್ರಿಪ್ಪಿನ ಪಾಲಿನಲ್ಲಿ ಮುರಿದುಕೊಂಡ. ಗುರುತು ತರಿಸಿಕೊಡದವನು ಅವನು, ನೋಡದೆ ಬಂದವನು ಹಡಗಿನವನು, ದಂಡ ತೆತ್ತವನು ಕಲಾಸಿ. ಅತ್ತಿಗೆ ಆ ವರ್ಷ ಬಳೆ ಅಡವಿಟ್ಟಳು. ಅಣ್ಣ ಇದನ್ನು ಫೋನಿನಲ್ಲಿ ಹೇಳುವಾಗ ನಾನು ಇಲ್ಲಿ ಬೇರೆಯವರ ಬೋನಸ್ಸಿಗಾಗಿ ಅರ್ಜಿ ಬರೆಯುತ್ತಿದ್ದೆ.

ಬೋಟಿನ ಧಣಿಗಳಿಗೆ ನಾನು ಕೇಳುವುದು ಒಂದೇ. ಎಂಜಿನಿಗೆ ಲಕ್ಷ ಹಾಕುತ್ತೀರಿ, ಮೀನು ತೋರಿಸುವ ಯಂತ್ರಕ್ಕೆ ಹಾಕುತ್ತೀರಿ, ಬೋಟಿನ ಮೂತಿಗೆ ಬಣ್ಣ ಬರೆಸಿ ಹೂಮಾಲೆ ಹಾಕುತ್ತೀರಿ. ನಾಲ್ಕು ತುಂಡು ತಗಡು, ಕಪ್ಪು ಬಣ್ಣ, ಹಗ್ಗ, ಒಂದು ಗಾಲಿ: ಇದಕ್ಕೆ ಏಕೆ ಕೈ ಹಿಂಜರಿಯುತ್ತದೆ? ಇದು ಮೀನು ತರುವುದಿಲ್ಲ, ಮನುಷ್ಯರನ್ನು ವಾಪಸು ತರುವ ವಸ್ತು, ಅದಕ್ಕೆಯೆ?

ಆದರೆ ಧಣಿಯನ್ನು ಬೈದು ನಮ್ಮವರನ್ನು ಬಿಟ್ಟರೆ ನಾನು ಪುಢಾರಿಯಾದೇನು, ಕಾರ್ಯಕರ್ತನಲ್ಲ. ಗುರುತು ಇರುವ ಬೋಟುಗಳಲ್ಲಿ ಅನೇಕರು ಅದನ್ನು ಒಮ್ಮೆ ಕಟ್ಟಿದರೆ ಇಳಿಸುವುದೇ ಇಲ್ಲ. ಬಂದರಿನಲ್ಲಿ ನಿಂತಾಗ ಡಮರು, ಐಸು ತುಂಬುವಾಗ ಡಮರು, ಬಲೆ ಡೆಕ್ಕಿನ ಮೇಲೆ ಮಡಚಿಟ್ಟು ಪೂರ್ತಿ ವೇಗದಲ್ಲಿ ಮನೆಗೆ ಓಡುವಾಗಲೂ ಡಮರು. ಇದು ಸುಳ್ಳು. ನಿಯಮದಲ್ಲಿಯೇ ಬರೆದಿದೆ, ಮೀನು ಹಿಡಿಯದಿರುವಾಗ ಈ ಗುರುತು ತೋರಿಸಕೂಡದೆಂದು. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಂತ್ರದೊಳಗೆ ಜಾಬರ ಕೈ ಹಾಕಿದ್ದಾಗ ಸ್ವಿಚ್ಚಿಗೆ ಹಲಗೆ ತೂಗಹಾಕುತ್ತಿದ್ದಿರಿ. ಆ ಹಲಗೆ ಹಗಲೂ ರಾತ್ರಿ ಅಲ್ಲೇ ತೂಗುತ್ತಿದ್ದರೆ? ಎಂಟನೆಯ ದಿನ ಯಾರೋ ಸ್ವಿಚ್ಚು ಒತ್ತುತ್ತಿದ್ದ. ಖಾಲಿ ಕೈಯಲ್ಲಿ "ಬಿಸಿ, ಬಿಸಿ" ಎಂದು ಕೂಗುವ ಹುಡುಗನಿಗೆ ನಾಳೆ ನಿಜವಾಗಿ ಕೊಳಗ ಹೊತ್ತಾಗ ಯಾರೂ ಸರಿಯರು. ನನ್ನ ನಾವಿಕ ಮಿತ್ರರು ಹೇಳುತ್ತಿದ್ದರು: "ನಿಮ್ಮ ಕರಾವಳಿಯ ಬೋಟುಗಳಲ್ಲಿ ಗುರುತು ಇದ್ದರೂ ನಂಬುವಂತಿಲ್ಲ, ಇಲ್ಲದಿದ್ದರೂ ನಂಬುವಂತಿಲ್ಲ. ಆಮೇಲೆ ಹುಡುಗ ಅಧಿಕಾರಿಗಳು ನೋಡುವುದನ್ನೇ ಬಿಡುತ್ತಾರೆ." ಈ ಮಾತು ನನಗೆ ಚುಚ್ಚಿತು, ಚುಚ್ಚಬೇಕಾದ್ದೇ.

ಹಾಗೆಂದು ಹಡಗಿನವರನ್ನು ಬಿಡುತ್ತೇನೆಯೆ? ಇಲ್ಲ. ಕಣ್ಣಿನಿಂದ, ಕಿವಿಯಿಂದ, ಇರುವ ಎಲ್ಲ ಸಾಧನದಿಂದ ಸದಾ ಕಾವಲು ನೋಡಬೇಕೆಂಬುದು ಅದೇ ನಿಯಮಗಳ 5ನೆಯ ನಿಯಮ. ಎರಡು ಅಡಿಯ ಶಂಕು ಒಂದು ನಾಟಿಕಲ್ ಮೈಲಿ ಆಚೆ ಬರಿಗಣ್ಣಿಗೆ ಚುಕ್ಕೆ. ದುರ್ಬೀನು ಎತ್ತಿ ನೋಡಿದವನಿಗೆ ಮಾತ್ರ ಡಮರು. ಎತ್ತುವವರು ಯಾರು? ಪರದೆಯ ಮುಂದೆ ಕೂತವನು ಪರದೆಯನ್ನೇ ಸಮುದ್ರವೆಂದು ತಿಳಿಯುತ್ತಾನೆ. ಹಡಗಿನ ಕಂಪೆನಿಗಳು ಜನ ಕಡಿಮೆ ಮಾಡಿ, ಉಳಿದವರ ಮೇಲೆ ಕಾಗದಪತ್ರ ಹೇರಿ, ನಿದ್ದೆಗೆಟ್ಟವನನ್ನು ಪಹರೆಗೆ ನಿಲ್ಲಿಸಿದರೆ ದುರ್ಬೀನು ಎತ್ತುವ ಕೈ ಎಲ್ಲಿಂದ ಬರಬೇಕು? ಅವನೂ ನಮ್ಮ ಹಾಗೆಯೇ ಪಾಳಿಯ ಆಳು ಎಂಬುದನ್ನು ನಾನು ಮರೆತಿಲ್ಲ. ಆದರೆ ಅವನ ತೂಕಡಿಕೆಗೆ ನನ್ನ ಅಣ್ಣ ಬೆಲೆ ತೆರಲಾರ.

"ಈಗ ಯಂತ್ರಗಳು ಬಂದಿವೆ, ತಗಡಿನ ಡಮರು ಯಾರಿಗೆ ಬೇಕು?" ಎನ್ನುವ ಬುದ್ಧಿವಂತರೂ ನಮ್ಮಲ್ಲಿದ್ದಾರೆ. ಬಂದಿವೆ, ನಿಜ. 2008ರ ನವೆಂಬರಿನಲ್ಲಿ 'ಕುಬೇರ' ಎಂಬ ಮೀನಿನ ಬೋಟನ್ನು ಅಪಹರಿಸಿ ಹಂತಕರು ಈ ನಮ್ಮ ಮುಂಬಯಿಗೆ ಬಂದ ಮೇಲೆ ಬೋಟುಗಳ ಮೇಲೆ ಕಣ್ಣಿಡುವ ಏರ್ಪಾಡು ಬಿಗಿಯಾಯಿತು. 2024ರ ಆಗಸ್ಟ್ 30ರಂದು ಇಲ್ಲೇ ಪಾಲ್ಘರಿನಲ್ಲಿ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆ ಉದ್ಘಾಟನೆಯಾಯಿತು. ಒಳ್ಳೆಯದೇ, ನಾನು ವಿರೋಧಿಯಲ್ಲ; ಚಂಡಮಾರುತದ ಸುದ್ದಿ ಬೋಟಿಗೆ, ಆಪತ್ತಿನ ಕೂಗು ದಡಕ್ಕೆ ಮುಟ್ಟಿದರೆ ಎಷ್ಟೋ ಜೀವ ಉಳಿದಾವು. ಆದರೆ ಬೋಟು ಎಲ್ಲಿದೆ ಎಂದು ಹೇಳುವುದು ಬೇರೆ, ಬೋಟಿನವನ ಕೈ ಕೆಲಸದಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳುವುದು ಬೇರೆ. ಹಡಗುಗಳಲ್ಲಿರುವ ಎಐಎಸ್ ಯಂತ್ರವೂ ಹಾಗೆಯೇ. ಹೆಸರು, ದಿಕ್ಕು, ವೇಗ ತಾನೇ ಹೇಳುತ್ತದೆ, 'ಮೀನು ಹಿಡಿಯುತ್ತಿದ್ದೇನೆ' ಎಂಬುದನ್ನು ಮನುಷ್ಯ ಗುಂಡಿ ಒತ್ತಿ ತಿಳಿಸಬೇಕು. ಒತ್ತಿ ಮರೆತವನ ಯಂತ್ರವೂ ಇಳಿಸಲು ಮರೆತವನ ಡಮರುವೂ ಅಣ್ಣತಮ್ಮಂದಿರೇ. ತಗಡಿಗೆ ಬ್ಯಾಟರಿ ಬೇಡ, ಅಷ್ಟೇ ವ್ಯತ್ಯಾಸ.

ಇಲ್ಲಿ ನನ್ನದೊಂದು ಸಿಟ್ಟು ಇದೆ, ಹೇಳಿಬಿಡುತ್ತೇನೆ. ಈ ಡಮರುವಿಗೂ ಮೊದಲು ಗುರುತು ಯಾವುದಿತ್ತು ಗೊತ್ತೆ? ಬುಟ್ಟಿ! 1948ರ ನಿಯಮದಲ್ಲಿ ಬಲೆ ಬಿಟ್ಟ ಬೋಟು ಹಗಲಲ್ಲಿ ಒಂದು ಬುಟ್ಟಿ ತೂಗಹಾಕಬೇಕೆಂದೇ ಇತ್ತು. 1960ರ ನಿಯಮದಲ್ಲಿ ಎರಡು ಶಂಕು ಬಂತು, ಸಣ್ಣ ಬೋಟಿಗೆ ಬುಟ್ಟಿ ಉಳಿಯಿತು. 1972ರದರಲ್ಲಿಯೂ 20 ಮೀಟರಿಗಿಂತ ಸಣ್ಣವರಿಗೆ ಬುಟ್ಟಿ ನಡೆಯುತ್ತಿತ್ತು. ಆಮೇಲೆ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ನೋಡಿರಿ, ಪ್ರತಿ ಬೋಟಿನಲ್ಲೂ ಇರುವ ವಸ್ತು ಅದು; ಹೆಂಗಸರು ತಲೆಯ ಮೇಲೆ ಹೊತ್ತು ಮಾರುವ ಅದೇ ಬುಟ್ಟಿ. ಧಣಿಯನ್ನು ಕೇಳಬೇಕಾಗಿರಲಿಲ್ಲ. ದೂರದಿಂದ ಬುಟ್ಟಿ ಯಾವುದು, ಕಂಬಕ್ಕೆ ಸಿಕ್ಕಿದ ಗೋಣಿ ಯಾವುದು ಎಂದು ತಿಳಿಯುವುದು ಕಷ್ಟ, ಲಂಗರಿನ ಚೆಂಡೆಂದು ಭ್ರಮೆಯಾದೀತು, ಇದನ್ನು ಒಪ್ಪುತ್ತೇನೆ. ನಿಯಮ ಮಾಡಿದವರ ಬುದ್ಧಿ ಸರಿಯಿರಬಹುದು. ಆದರೆ ಬಡವನ ಕೈಯಲ್ಲಿದ್ದ ಗುರುತನ್ನು ತೆಗೆದ ಮೇಲೆ ಹೊಸದನ್ನು ಅವನ ಕೈಗೆ ಮುಟ್ಟಿಸುವ ಹೊಣೆಯೂ ಯಾರದಾದರೂ ಆಗಬೇಕಲ್ಲ? ಬೋಟಿನ ತಪಾಸಣೆಗೆ ಬರುವವರು ಕಾಗದ ನೋಡುತ್ತಾರೆ, ಲೈಫ್ ಜಾಕೆಟ್ ಎಣಿಸುತ್ತಾರೆ. ಡಮರು ಎಲ್ಲಿ ಎಂದು ಕೇಳಿದವರನ್ನು ನನ್ನ ಅಣ್ಣ ಹದಿನೇಳು ವರ್ಷದಲ್ಲಿ ಕಾಣಲಿಲ್ಲ. ಕೇಳಿದ್ದು ಒಂದೇ ಸಲ, ಬಲೆ ಹೋದ ಮೇಲೆ.

ದೊಡ್ಡ ಅಪಘಾತಗಳೆಲ್ಲ ರಾತ್ರಿಯವಲ್ಲವೆ, ಹಗಲು ಗುರುತಿನಿಂದ ಏನು ಲಾಭ ಎಂದು ಇನ್ನೊಬ್ಬ ಮಿತ್ರರು ಹೊರಗೆ ಕೇಳಿದರು. ನ್ಯಾಯವಾದ ಪ್ರಶ್ನೆ. 2012ರ ಮಾರ್ಚ್ 1ರಂದು ಆಲಪ್ಪುಳದ ಕಡಲಲ್ಲಿ 'ಪ್ರಭುದಯ' ಹಡಗು ಬೋಟಿಗೆ ಬಡಿದು ಐವರು ಸತ್ತದ್ದು ಕತ್ತಲಲ್ಲಿ. 2017ರ ಜೂನ್ 11ರಂದು ಕೊಚ್ಚಿಯ ಹತ್ತಿರ 'ಆಂಬರ್ ಎಲ್' ಹಡಗು 'ಕಾರ್ಮೆಲ್ ಮಾತಾ' ಬೋಟಿಗೆ ಬಡಿದದ್ದು ಕತ್ತಲಲ್ಲಿ. 2021ರ ಏಪ್ರಿಲಿನಲ್ಲಿ ನಮ್ಮ ಮಂಗಳೂರಿನಾಚೆ, ಬೇಪೂರಿನಿಂದ ಹೊರಟ 'ರಬಾಹ್' ಬೋಟಿಗೂ 'ಎಪಿಎಲ್ ಲ ಹಾವ್ರ್' ಹಡಗಿಗೂ ಡಿಕ್ಕಿಯಾದದ್ದೂ ಕತ್ತಲಲ್ಲಿ. ಬೋಟಿನಲ್ಲಿದ್ದ 14 ಜನರಲ್ಲಿ ಇಬ್ಬರನ್ನು ಮಾತ್ರ ಜೀವಂತ ಎತ್ತಿದರು. ಮಂಗಳೂರಿನ ಸಮುದ್ರವೆಂದರೂ ಸತ್ತವರು ತಮಿಳುನಾಡಿನವರು, ಪೂರ್ವದ ಕಡೆಯವರು. ನಾವು ಮುಂಬಯಿಗೆ ಬಂದಂತೆ ಅವರು ನಮ್ಮ ಕಡಲಿಗೆ ಹೊಟ್ಟೆಪಾಡಿಗೆ ಬಂದವರು.

ರಾತ್ರಿಗೆ ದೀಪದ ಗುರುತುಗಳಿವೆ: ಟ್ರಾಲ್ ಎಳೆಯುವವನಿಗೆ ಹಸಿರಿನ ಕೆಳಗೆ ಬಿಳಿ, ಬೇರೆ ಬಲೆಯವನಿಗೆ ಕೆಂಪಿನ ಕೆಳಗೆ ಬಿಳಿ. ಡೆಕ್ಕಿನ ಮೇಲೆ ಮದುವೆ ಮನೆಯ ಹಾಗೆ ಫ್ಲಡ್ ಲೈಟು ಹಾಕಿದರೆ ಆ ಹಸಿರು ಯಾರಿಗೆ ಕಂಡೀತು? ಹಗಲು ಎರಡು ಶಂಕು ಏರಿಸಿ ಇಳಿಸುವ ರೂಢಿಯಿಲ್ಲದ ಬೋಟಿನಲ್ಲಿ ರಾತ್ರಿ ಮಾತ್ರ ಸರಿಯಾದ ದೀಪ ಹೇಗೆ ಉರಿದೀತು? ಇದು ನನ್ನ ಪ್ರಶ್ನೆ. ಎರಡೂ ಒಂದೇ ಅಭ್ಯಾಸ. ಮೇಲಾಗಿ, ಹಗಲಲ್ಲಿ ಹರಿದ ಬಲೆಗಳೂ ಮುರಿದ ಪಾಲುಗಳೂ ಪತ್ರಿಕೆಯಲ್ಲಿ ಬರುವುದಿಲ್ಲ. ಹೆಣ ಬಿದ್ದದ್ದು ಮಾತ್ರ ಬರುತ್ತದೆ.

ಇನ್ನೊಂದು ಎಚ್ಚರಿಕೆ, ನಮ್ಮವರು ಮೊಂಡು ಹಿಡಿಯಬಾರದೆಂದು. ಡಮರು ಏರಿಸಿದ ಮಾತ್ರಕ್ಕೆ ಸಮುದ್ರವೆಲ್ಲ ನಮ್ಮದಲ್ಲ. ಬಂದರಿಗೆ ಹೋಗುವ ಇಕ್ಕಟ್ಟಿನ ಕಾಲುವೆಯಲ್ಲಿ ಹಡಗಿಗೆ ಬೇರೆ ದಾರಿಯಿಲ್ಲ. ಅಲ್ಲಿ ಬಲೆ ಬಿಟ್ಟು ಅಡ್ಡ ನಿಲ್ಲಕೂಡದೆಂದು ನಿಯಮವೇ ಇದೆ. ಹಡಗುಗಳಿಗೆಂದು ಗೊತ್ತುಮಾಡಿದ ಓಣಿಗಳಲ್ಲಿಯೂ ಹಾಗೆಯೇ. ಮಂಜು ಮುಸುಕಿದಾಗ ಗುರುತು ಕಾಣುವುದಿಲ್ಲ; ಆಗ ಈ ದಾರಿ ಬಿಡುವ ನಿಯಮವೂ ನಡೆಯದು, ಎರಡು ನಿಮಿಷಕ್ಕೆ ಮೀರದಂತೆ ಒಂದು ಉದ್ದ, ಎರಡು ಗಿಡ್ಡ ಸೀಟಿ ಹಾಕಬೇಕು. ಎದುರಿನವನು ಸರಿಯಲೇ ಇಲ್ಲವೆಂದರೆ ನಮ್ಮ ಜೀವ ನಾವು ಉಳಿಸಿಕೊಳ್ಳಲೇಬೇಕು, ಅಣ್ಣನ ತಾಂಡೇಲ ರೋಪು ಕಡಿದ ಹಾಗೆ.

ಈಗ ಹಿರಿಯ ಮಹನೀಯರಿಗೆ ಸೀದಾ ಮಾತು. ನಮ್ಮ ಸಂಘದಲ್ಲಿ ಬೋಟಿನವರಿಲ್ಲ, ನಿಜ. ಆದರೆ ನಾವು ಊರಿಗೆ ಕಳಿಸುವ ಹಣದ ಪಕ್ಕದಲ್ಲಿ ಬೋಟಿನ ಪಾಲೂ ಸೇರಿಯೇ ನಮ್ಮ ಮನೆಗಳ ಒಲೆ ಉರಿಯುವುದು. ಬಲೆಯ ನಷ್ಟ ಕಲಾಸಿಯ ಪಾಲಿನಲ್ಲಿ ಮುರಿಯುವುದಕ್ಕೂ ಒಡೆದ ಕಪ್ಪಿನ ದುಡ್ಡು ಮಾಣಿಯ ಪಗಾರದಲ್ಲಿ ಮುರಿಯುವುದಕ್ಕೂ ಏನು ಅಂತರ? ಕಪ್ಪಿನ ದುಡ್ಡು ಮುರಿಯಕೂಡದೆಂದು ಹೋರಾಡಿದವರು ನೀವೇ. ನಾನು ಕಪ್ಪು ತೊಳೆಯುತ್ತಿದ್ದಾಗ ನಿಮ್ಮ ಭಾಷಣ ಕೇಳಿಯೇ ಸಂಘಕ್ಕೆ ಬಂದವನು.

ಜೂನ್ 1ರಿಂದ ಜುಲೈ 31ರ ವರೆಗೆ ಪಶ್ಚಿಮ ಕರಾವಳಿಯ ಯಂತ್ರದ ಬೋಟುಗಳು ದಡದಲ್ಲಿರುತ್ತವೆ. ಬಲೆ ಹೊಲಿಯುವ, ಬಣ್ಣ ಬಳಿಯುವ ಕಾಲ. ಅಣ್ಣ ಈ ಸಲ ಹಳೆಯ ಎಣ್ಣೆ ಡಬ್ಬದ ತಗಡು ಕತ್ತರಿಸಿ ತಾನೇ ಒಂದು ಡಮರು ಮಾಡಿದ್ದಾನೆ, ಏರಿಸಲು ಇಳಿಸಲು ಹಗ್ಗ, ಗಾಲಿ ಸಹಿತ. ಧಣಿ ನೋಡಿ ನಕ್ಕನಂತೆ, ಆದರೆ ಬೇಡವೆನ್ನಲಿಲ್ಲ. ಅಳತೆಯನ್ನೂ ದೀಪಗಳ ಲೆಕ್ಕವನ್ನೂ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಸಂಘದ ಕಚೇರಿಯಲ್ಲಿಟ್ಟಿದ್ದೇನೆ. ಊರಿಗೆ ಹೋಗುವವರು ರಾತ್ರಿ ಹತ್ತರ ಮೇಲೆ, ಪಾಳಿ ಬಿಟ್ಟು ಬಂದು ತೆಗೆದುಕೊಂಡು ಹೋಗಿರಿ. ಮೊನ್ನೆ ನಕ್ಕ ನಾಲ್ವರಲ್ಲಿ ಇಬ್ಬರು ಆಗಲೇ ಒಯ್ದಿದ್ದಾರೆ.